ಚೈನ್ ಹಿಗ್ಗಿದರೆ ಎರಡು ಕೊಂಡಿ ತೆಗೆಸಿದರೆ ಸಾಕೇ? ಹಳೆಯ ಗೇರ್ ಸೈಕಲ್ಲಿನ ಸವೆತದ ಅಸಲಿ ಲೆಕ್ಕ

ಹಳೆಯ ಗೇರ್ ಸೈಕಲ್ ಇಟ್ಟುಕೊಂಡವರ ವಾಟ್ಸಾಪ್ ಗುಂಪುಗಳಲ್ಲಿ ಕೆಲವು ಸಲಹೆಗಳು ಮತ್ತೆ ಮತ್ತೆ ತಿರುಗಿ ಬರುತ್ತವೆ. ಚೈನ್ ಸಡಿಲವಾಗಿದೆಯೇ? ಎರಡು ಕೊಂಡಿ ತೆಗೆಸಿ. ಸದ್ದು ಮಾಡುತ್ತಿದೆಯೇ? ಕೊಬ್ಬರಿ ಎಣ್ಣೆ ಬಿಡಿ. ತುಳಿಯುವಾಗ ಜಾರುತ್ತಿದೆಯೇ? ಹೊಸ ಚೈನ್ ಹಾಕಿಸಿ, ಎಲ್ಲ ಸರಿಹೋಗುತ್ತದೆ. 26 ಇಂಚಿನ ಚಕ್ರದ ಸೈಕಲ್ಲೇ? ಅದಕ್ಕೆ ಈಗ ಬಿಡಿಭಾಗ ಸಿಗುವುದಿಲ್ಲ, ಗುಜರಿಗೆ ಹಾಕಿ. ಇವುಗಳಲ್ಲಿ ಹೆಚ್ಚಿನವು ಪೂರ್ತಿ ಸುಳ್ಳಲ್ಲ, ತೊಂದರೆ ಇರುವುದೇ ಅಲ್ಲಿ. ಒಂದು ಬಗೆಯ ಸೈಕಲ್ಲಿಗೆ ನಿಜವಾಗಿದ್ದ ಮಾತನ್ನು ಇನ್ನೊಂದು ಬಗೆಯ ಸೈಕಲ್ಲಿಗೆ ಅಂಟಿಸಿದಾಗ ಅದು ಕೈಕೊಡುತ್ತದೆ.

ನಮ್ಮ ಬಳಗದವರೊಬ್ಬರಿಗೆ ಇದರ ಪಾಠ ರಸ್ತೆಯ ಮೇಲೆಯೇ ಆಯಿತು. ಅವರದ್ದು ಮುಂದೆ 3, ಹಿಂದೆ 7 ಹಲ್ಲುಚಕ್ರಗಳಿರುವ, 21 ಗೇರಿನ ಹಳೆಯ ಮೌಂಟನ್ ಬೈಕ್. ಕೆಲವು ವರ್ಷ ಚೆನ್ನಾಗಿ ಓಡಿಸಿ, ಆಮೇಲೆ ಮನೆಯ ಮೂಲೆಯಲ್ಲಿ ನಿಲ್ಲಿಸಿದ್ದರು. ಈಚೆಗೆ ಹೊರತೆಗೆದಾಗ ಚೈನ್ ತುಕ್ಕು ಹಿಡಿದಿತ್ತು. ಅಂಗಡಿಯಲ್ಲಿ ಹೊಸ ಚೈನ್ ಹಾಕಿಸಿಕೊಂಡು ಬಂದರು. ಮರುದಿನ ಬೆಳಿಗ್ಗೆ ಏರು ರಸ್ತೆಯ ಸಿಗ್ನಲ್ಲಿನಲ್ಲಿ ಹಸಿರು ದೀಪ ಬರುತ್ತಲೇ ಸೀಟಿನಿಂದ ಎದ್ದು ನಿಂತು ಜೋರಾಗಿ ತುಳಿದರು. ಚೈನ್ ಕಟಕ್ಕನೆ ಜಾರಿತು, ಪೆಡಲ್ ಖಾಲಿ ಸುತ್ತಿತು, ಮಂಡಿ ಹ್ಯಾಂಡಲ್ಲಿಗೆ ಬಡಿಯಿತು, ಸೈಕಲ್ ಸಮೇತ ರಸ್ತೆಗೆ ಬಿದ್ದರು. ಹಿಂದಿದ್ದ ಆಟೋದವರು ತಕ್ಷಣ ಬ್ರೇಕ್ ಹಾಕಿದ್ದರಿಂದ ತರಚುಗಾಯದಲ್ಲಿ ಮುಗಿಯಿತು. ಹೊಸ ಚೈನೇ ಸರಿಯಿಲ್ಲ, ವಾಪಸು ಕೊಡುತ್ತೇನೆ ಎಂದು ಅವರು ಹೊರಟಿದ್ದರು. ಆದರೆ ಚೈನಿನಲ್ಲಿ ದೋಷವೇ ಇರಲಿಲ್ಲ.

ಚೈನ್ ರಬ್ಬರಿನಂತೆ ಹಿಗ್ಗುತ್ತದೆಯೇ?

ಚೈನ್ ಹಿಗ್ಗಿದೆ, ಎಳೆದುಕೊಂಡಿದೆ ಎಂದು ನಾವೆಲ್ಲ ಹೇಳುತ್ತೇವೆ, ಮೆಕ್ಯಾನಿಕ್‌ಗಳೂ ಹೇಳುತ್ತಾರೆ. ವಾಸ್ತವದಲ್ಲಿ ನಮ್ಮ ಕಾಲಿನ ಬಲಕ್ಕೆ ಚೈನಿನ ಉಕ್ಕಿನ ಪ್ಲೇಟುಗಳು ಹಿಗ್ಗಿ ಹಾಗೆಯೇ ಉಳಿಯುವುದಿಲ್ಲ. ಸವೆಯುವುದು ಪಿನ್ನುಗಳು, ಮತ್ತು ಅವು ಕೂತಿರುವ ಜಾಗ.

ಚೈನನ್ನು ಹತ್ತಿರದಿಂದ ನೋಡಿ. ಒಂದು ಜೊತೆ ಹೊರ ಪ್ಲೇಟು, ಆಮೇಲೆ ಒಂದು ಜೊತೆ ಒಳ ಪ್ಲೇಟು, ಮತ್ತೆ ಹೊರ ಪ್ಲೇಟು, ಹೀಗೆ ಸಾಗುತ್ತದೆ. ಇವನ್ನು ಜೋಡಿಸುವುದು ಪಿನ್. ಪಿನ್ನಿನ ಸುತ್ತ ಉರುಳುವ ಪುಟ್ಟ ಉಂಗುರವೇ ರೋಲರ್. ಹಲ್ಲುಚಕ್ರದ ಹಲ್ಲಿಗೆ ತಾಗುವುದು ಈ ರೋಲರ್. ಇದರ ಮೂಲ ವಿನ್ಯಾಸಕ್ಕೆ ಹ್ಯಾನ್ಸ್ ರೆನಾಲ್ಡ್ ಎಂಬ ಎಂಜಿನಿಯರ್ 1880ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಪೇಟೆಂಟ್ ಪಡೆದರು. ಒಂದು ಪಿನ್ನಿನ ನಡುವಿನಿಂದ ಮುಂದಿನ ಪಿನ್ನಿನ ನಡುವಿಗೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ಹಾಲು ಮಾರುವವರ ಕಪ್ಪು ಸೈಕಲ್ಲಿಗೂ ಈಗಿನ ದುಬಾರಿ 12 ಸ್ಪೀಡ್ ಸೈಕಲ್ಲಿಗೂ ಈ ಅಂತರ ಒಂದೇ. ಬೇರೆಯಾಗಿರುವುದು ಚೈನಿನ ಅಗಲ.

ಪ್ರತಿ ಕೊಂಡಿಯೂ ಹಲ್ಲುಚಕ್ರಕ್ಕೆ ಸುತ್ತಿಕೊಳ್ಳುವಾಗ ಒಮ್ಮೆ ಬಾಗುತ್ತದೆ, ಬಿಟ್ಟುಹೋಗುವಾಗ ಇನ್ನೊಮ್ಮೆ ನೇರವಾಗುತ್ತದೆ. ಹಾಗೆ ಬಾಗುವಾಗಲೆಲ್ಲ ಪಿನ್ ತನ್ನ ಜಾಗದಲ್ಲಿ ಉಜ್ಜುತ್ತದೆ. ಒಳಗೆ ಶುದ್ಧ ಎಣ್ಣೆ ಇದ್ದರೆ ಸವೆತ ನಿಧಾನ. ಮಣ್ಣು ಸೇರಿದ ಎಣ್ಣೆ ಇದ್ದರೆ ಅದು ಸಾಣೆಪುಡಿಯಂತೆ ಕೆಲಸ ಮಾಡುತ್ತದೆ. ಮಳೆಗಾಲದಲ್ಲಿ ಕೆಂಪು ಕೆಸರಿನ ಹಾದಿಯಲ್ಲಿ ಹೋಗಿಬಂದ ಸೈಕಲ್ಲಿನ ಚೈನ್ ಕರಕರ ಎನ್ನುವುದು ಈ ಉಜ್ಜಾಟದ ಸದ್ದು.

ಸವೆತ ಎಷ್ಟು ಸೂಕ್ಷ್ಮ ಎಂದು ಲೆಕ್ಕ ಹಾಕಿ ನೋಡಿ. 7 ಅಥವಾ 8 ಸ್ಪೀಡ್ ಚೈನನ್ನು ಸಾಮಾನ್ಯವಾಗಿ 0.75 ಶೇಕಡಾ ಉದ್ದವಾದಾಗ ಬದಲಿಸಬೇಕು ಎನ್ನುತ್ತಾರೆ. 12.7 ಮಿ.ಮೀ.ಗೆ ಅದು 0.1 ಮಿ.ಮೀ.ಗಿಂತಲೂ ಕಡಿಮೆ, ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪ. ಕಣ್ಣಿಗೆ ಏನೂ ಕಾಣುವುದಿಲ್ಲ. ಆದರೆ 116 ಕೊಂಡಿಗಳ ಚೈನಿನಲ್ಲಿ ಇದೆಲ್ಲ ಕೂಡಿದರೆ ಸುಮಾರು 11 ಮಿ.ಮೀ. ಆಗುತ್ತದೆ. ನಮಗೆ ಕಾಣುವ ಸಡಿಲ ಅದೇ.

ಎರಡು ಕೊಂಡಿ ತೆಗೆಸಿದರೆ?

ಮಾಮೂಲಿ ಚೈನಿನಲ್ಲಿ ಒಂದೇ ಒಂದು ಕೊಂಡಿ ತೆಗೆಯಲು ಬರುವುದಿಲ್ಲ. ಒಳ ಪ್ಲೇಟಿಗೆ ಒಳ ಪ್ಲೇಟು ಕೂಡುವುದಿಲ್ಲ, ಆದ್ದರಿಂದ ಒಳಗಿನದೊಂದು, ಹೊರಗಿನದೊಂದು ಜೋಡಿಯಾಗಿಯೇ ತೆಗೆಯಬೇಕು. ಆ ಜೋಡಿ 25.4 ಮಿ.ಮೀ. ಇರುತ್ತದೆ. ಚೈನ್ ಬೆಳೆದಿದ್ದು 11 ಮಿ.ಮೀ., ನಾವು ಕತ್ತರಿಸಿದ್ದು 25 ಮಿ.ಮೀ. ಅಂದರೆ ಹೊಸದಾಗಿದ್ದಾಗ ಇದ್ದದ್ದಕ್ಕಿಂತ 14 ಮಿ.ಮೀ. ಗಿಡ್ಡ!

ಗೇರ್ ಸೈಕಲ್ಲಿನಲ್ಲಿ ಇದು ಅಪಾಯಕ್ಕೆ ದಾರಿ. ಮುಂದೆ ದೊಡ್ಡ ಹಲ್ಲುಚಕ್ರ, ಹಿಂದೆಯೂ ದೊಡ್ಡ ಹಲ್ಲುಚಕ್ರಕ್ಕೆ ಗೇರ್ ಬದಲಿಸಿದರೆ ಚೈನಿಗೆ ಅತಿ ಹೆಚ್ಚು ಉದ್ದ ಬೇಕಾಗುತ್ತದೆ. ಆ ಜೋಡಿಯನ್ನು ಬಳಸಬಾರದು ಎಂದು ಗೊತ್ತಿದ್ದರೂ ಏರು ಹತ್ತುವ ಆತುರದಲ್ಲಿ ಕೈ ತಪ್ಪಿ ಹೋಗಿಯೇ ಹೋಗುತ್ತದೆ. ಚೈನ್ ಗಿಡ್ಡವಾಗಿದ್ದರೆ ಹಿಂದಿನ ಡಿರೈಲರ್, ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ತೋಳು, ಮುಂದಕ್ಕೆ ಎಳೆದುಕೊಂಡು ಬಾಗುತ್ತದೆ. ಇಲ್ಲವೇ ಅದನ್ನು ಹಿಡಿದಿರುವ ಹ್ಯಾಂಗರ್ ಮುರಿಯುತ್ತದೆ. ಇಷ್ಟೆಲ್ಲ ಆದರೂ ಮೂಲ ರೋಗ ಹಾಗೆಯೇ ಇರುತ್ತದೆ: ಉಳಿದ 114 ಕೊಂಡಿಗಳಲ್ಲಿ ಒಂದೊಂದೂ ಇನ್ನೂ ಒಂದು ಕೂದಲೆಳೆಯಷ್ಟು ಉದ್ದವೇ.

ಈ ಸಲಹೆ ಹುಟ್ಟಿದ್ದೆಲ್ಲಿ? ಗೇರ್ ಇಲ್ಲದ ಕಪ್ಪು ಸೈಕಲ್ಲಿನಲ್ಲಿ. ಅಲ್ಲಿ ಚೈನ್ ಸಡಿಲವಾದರೆ ಹಿಂದಿನ ಚಕ್ರವನ್ನು ಸ್ವಲ್ಪ ಹಿಂದಕ್ಕೆ ಸರಿಸಿ ನಟ್ ಬಿಗಿ ಮಾಡುತ್ತಾರೆ. ಸರಿಸಲು ಜಾಗ ಮುಗಿದಾಗ ಕೊಂಡಿ ತೆಗೆಯುತ್ತಾರೆ. ಅಲ್ಲಿ ಚೈನ್ ಅಗಲ, ಹಲ್ಲು ದಪ್ಪ, ಒಂದೇ ಹಲ್ಲುಚಕ್ರ. ಚೈನೂ ಹಲ್ಲೂ ಜೊತೆಜೊತೆಯಾಗಿ ಸವೆದು ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಹಾಗಾಗಿ ಹಳೆಯ ಮೆಕ್ಯಾನಿಕ್‌ಗಳ ಮಾತು ಆ ಸೈಕಲ್ಲಿಗೆ ಸರಿಯೇ. ಗೇರ್ ಸೈಕಲ್ಲಿನಲ್ಲಿ ಸಡಿಲವನ್ನು ಎಳೆದುಕೊಳ್ಳಲು ಡಿರೈಲರಿನ ಸ್ಪ್ರಿಂಗ್ ಇದೆ. ಅಲ್ಲಿ ತೊಂದರೆ ಕೊಡುವುದು ಸಡಿಲವಲ್ಲ, ಅಂತರದ ಹೊಂದಾಣಿಕೆ.

ಹೊಸ ಚೈನ್ ಯಾಕೆ ಜಾರಿತು?

ಹಲ್ಲುಚಕ್ರದ ಎರಡು ಹಲ್ಲುಗಳ ನಡುವಿನ ಅಂತರ ಹೊಸ ಚೈನಿನ 12.7 ಮಿ.ಮೀ.ಗೆ ಸರಿಯಾಗಿ ಮಾಡಿದ್ದು. ಹೊಸತಿದ್ದಾಗ ತುಳಿತದ ಭಾರವನ್ನು ಹಲವು ಹಲ್ಲುಗಳು ಹಂಚಿಕೊಳ್ಳುತ್ತವೆ. ಚೈನ್ ಸವೆದು ಅಂತರ ಹೆಚ್ಚಾದಂತೆ ರೋಲರ್ ಹಲ್ಲಿನ ಬುಡದಲ್ಲಿ ಕೂರದೆ ಸ್ವಲ್ಪ ಮೇಲೆ ಹತ್ತುತ್ತದೆ. ಆಗ ಭಾರ ಕೆಲವೇ ಹಲ್ಲುಗಳ ಮೇಲೆ ಬೀಳುತ್ತದೆ. ದಿನ ಕಳೆದಂತೆ ಆ ಹಲ್ಲಿನ ಒಂದು ಬದಿ ತಿಂದುಹೋಗಿ ಕೊಕ್ಕೆಯ ಆಕಾರ ಬರುತ್ತದೆ.

ವಿಚಿತ್ರವೆಂದರೆ, ಹಳೆಯ ಚೈನ್ ಈ ಕೊಕ್ಕೆ ಹಲ್ಲಿನ ಮೇಲೆ ತಕರಾರಿಲ್ಲದೆ ಓಡುತ್ತಿರುತ್ತದೆ. ಎರಡೂ ಒಟ್ಟಿಗೆ ಕೆಟ್ಟಿವೆಯಲ್ಲ! ಸವಾರನಿಗೆ ಏನೂ ಗೊತ್ತಾಗುವುದಿಲ್ಲ. ಅದರ ಮೇಲೆ ಸರಿಯಾದ ಅಂತರದ ಹೊಸ ಚೈನ್ ಹಾಕಿದಾಗ ಅದರ ರೋಲರುಗಳಿಗೆ ಕೊಕ್ಕೆಯ ಒಳಗೆ ಕೂರಲು ಆಗುವುದಿಲ್ಲ. ಮೆಲ್ಲಗೆ ತುಳಿದರೆ ಹೇಗೋ ಓಡುತ್ತದೆ. ನಿಂತು ಜೋರಾಗಿ ತುಳಿದ ಕ್ಷಣ ಚೈನ್ ಹಲ್ಲಿನ ತುದಿ ದಾಟಿ ಹಾರುತ್ತದೆ. ನಮ್ಮ ಗೆಳೆಯರು ಬಿದ್ದದ್ದು ಹೀಗೆ. ಅಂಗಡಿಯ ಮುಂದೆ ನೆಲದಿಂದ ಚಕ್ರ ಎತ್ತಿ ತಿರುಗಿಸಿ ನೋಡಿದಾಗ ಎಲ್ಲ ಸರಿಯಾಗಿಯೇ ಕಾಣುತ್ತದೆ, ಯಾಕೆಂದರೆ ಅಲ್ಲಿ ಭಾರವೇ ಇರುವುದಿಲ್ಲ.

ಮೊದಲು ಜಾರುವುದು ಹಿಂದಿನ ಸಣ್ಣ ಹಲ್ಲುಚಕ್ರಗಳು. 14 ಹಲ್ಲಿನ ಚಕ್ರದಲ್ಲಿ ಚೈನ್ ಹಿಡಿದಿರುವುದು ಸುಮಾರು ಅರ್ಧ ಸುತ್ತು, ಅಂದರೆ 7 ಹಲ್ಲುಗಳ ಆಸುಪಾಸು. 28 ಹಲ್ಲಿನದರಲ್ಲಿ ಅದರ ಎರಡು ಪಟ್ಟು. ಅಷ್ಟೇ ಚೈನ್ ಹಾದುಹೋಗಲು ಸಣ್ಣ ಚಕ್ರ ಎರಡು ಪಟ್ಟು ಸುತ್ತಲೂ ಬೇಕು, ಹಾಗಾಗಿ ಪ್ರತಿ ಹಲ್ಲಿನ ಪಾಲಿಗೂ ಹೆಚ್ಚು ಕೆಲಸ. ಇದರ ಜೊತೆಗೆ ನೀವು ಸದಾ ಬಳಸುವ ಒಂದೆರಡು ಗೇರ್‌ಗಳು ಬೇಗ ಸವೆಯುತ್ತವೆ. ಬಹಳ ಜನ ನಡುವಿನ ಗೇರಿಗೆ ಹಾಕಿ ಊರೆಲ್ಲ ಸುತ್ತುತ್ತಾರೆ, ಅವರ ಸೈಕಲ್ಲಿನಲ್ಲಿ ಆ ಒಂದು ಹಲ್ಲುಚಕ್ರ ಮಾತ್ರ ಜಾರುವುದೂ ಉಂಟು.

ಮನೆಯ ಸ್ಕೇಲಿನಲ್ಲೇ ಅಳೆಯಬಹುದು

ಚೈನ್ ಅಳೆಯಲೆಂದೇ ಪುಟ್ಟ ಗೇಜ್ ಸಿಗುತ್ತದೆ, ಸೈಕಲ್ ಅಂಗಡಿಯಲ್ಲಿ ಕೇಳಿದರೆ ನೋಡಿಕೊಡುತ್ತಾರೆ. ಅದಿಲ್ಲದಿದ್ದರೆ 30 ಸೆಂ.ಮೀ.ನ ಉಕ್ಕಿನ ಸ್ಕೇಲ್ ಸಾಕು. ಮಕ್ಕಳ ಪ್ಲಾಸ್ಟಿಕ್ ಸ್ಕೇಲ್ ಬೇಡ, ಅರ್ಧ ಮಿ.ಮೀ. ಕೂಡ ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಚೈನ್ ಸೈಕಲ್ಲಿನ ಮೇಲೆಯೇ ಇರಲಿ. ಮೊದಲು ಕೊಳೆ ಒರೆಸಿ. ಇನ್ನೊಬ್ಬರು ಹಿಂದಿನ ಬ್ರೇಕ್ ಹಿಡಿದು ಪೆಡಲನ್ನು ಸ್ವಲ್ಪ ಒತ್ತಿದರೆ ಮೇಲಿನ ಚೈನ್ ಬಿಗಿಯಾಗಿ ನೇರವಾಗುತ್ತದೆ. ಒಂದು ಪಿನ್ನಿನ ಎಡ ಅಂಚಿಗೆ ಸ್ಕೇಲಿನ ಸೊನ್ನೆಯನ್ನು ಹೊಂದಿಸಿ. ಆ ಪಿನ್ನನ್ನು ಸೊನ್ನೆ ಎಂದೇ ಎಣಿಸಿ, ಅಲ್ಲಿಂದ 20ನೆಯ ಪಿನ್ನಿನ ಎಡ ಅಂಚು ಎಲ್ಲಿದೆ ನೋಡಿ. ಹೊಸ ಚೈನಿನಲ್ಲಿ ಅದು 254 ಮಿ.ಮೀ., ಅಂದರೆ 10 ಇಂಚು. 6, 7, 8 ಸ್ಪೀಡಿನ ಹಳೆಯ ಸೈಕಲ್ಲಿನಲ್ಲಿ 256ರ ಹತ್ತಿರ ಬಂದಿದ್ದರೆ ಚೈನ್ ಬದಲಿಸುವ ಹೊತ್ತು ಬಂತು. ಈ ಹಂತದಲ್ಲಿ ಬದಲಿಸಿದರೆ ಹಿಂದಿನ ಹಲ್ಲುಚಕ್ರಗಳು ಸಾಮಾನ್ಯವಾಗಿ ಉಳಿದುಕೊಳ್ಳುತ್ತವೆ. 257 ಮುಟ್ಟಿದ್ದರೆ ಚೈನಿನ ಜೊತೆಗೆ ಹಿಂದಿನ ಹಲ್ಲುಚಕ್ರಗಳಿಗೂ ದುಡ್ಡು ತೆಗೆದಿಡಿ. 11, 12 ಸ್ಪೀಡಿನ ಹೊಸ ಸೈಕಲ್ಲುಗಳಲ್ಲಿ ಮಿತಿ ಇನ್ನೂ ಬಿಗಿ, 255 ದಾಟುತ್ತಲೇ ಬದಲಿಸಬೇಕು.

ಸ್ಕೇಲೂ ಇಲ್ಲದಿದ್ದರೆ ಒಂದು ಒರಟು ಪರೀಕ್ಷೆ ಇದೆ. ಚೈನನ್ನು ಮುಂದಿನ ದೊಡ್ಡ ಹಲ್ಲುಚಕ್ರಕ್ಕೆ ಹಾಕಿ, ಆ ಚಕ್ರದ ಅತಿ ಮುಂದಿನ ತುದಿಯಲ್ಲಿ ಚೈನನ್ನು ಬೆರಳಿನಿಂದ ಮುಂದಕ್ಕೆ ಎಳೆಯಿರಿ. ಹೊಸ ಚೈನ್ ಅಲ್ಲಾಡುವುದೇ ಇಲ್ಲ. ಹಲ್ಲಿನ ಅರ್ಧ ಭಾಗ ಹೊರಗೆ ಕಾಣುವಷ್ಟು ಎದ್ದು ಬಂದರೆ ಅದು ತುಂಬಾ ಸವೆದಿದೆ.

ಇಷ್ಟು ಕಿಲೋಮೀಟರಿಗೊಮ್ಮೆ ಚೈನ್ ಬದಲಿಸಿ ಎನ್ನುವ ಸಂದೇಶಗಳೂ ಓಡಾಡುತ್ತವೆ. ಆ ಸಂಖ್ಯೆಗಳಿಗೆ ಅಂಟಿಕೊಳ್ಳಬೇಡಿ. ಒಣ ಡಾಂಬರು ರಸ್ತೆಯಲ್ಲಿ ಒರೆಸಿ, ಎಣ್ಣೆ ಹಾಕಿ ಓಡಿಸಿದ ಚೈನಿಗೂ ಕೆಸರಿನಲ್ಲಿ ಓಡಿಸಿ ಹಾಗೆಯೇ ನಿಲ್ಲಿಸಿದ ಚೈನಿಗೂ ಆಯಸ್ಸಿನಲ್ಲಿ ಅಜಗಜಾಂತರ. ಸ್ಕೇಲಿನ ಮಾತನ್ನೇ ನಂಬಿ.

ಎಲ್ಲಕ್ಕೂ ಸವೆತವೇ ಕಾರಣವಲ್ಲ

ದುಡ್ಡು ಕೊಡುವ ಮೊದಲು ಇದನ್ನು ಗಮನಿಸಿ. ಜೋರಾಗಿ ತುಳಿದಾಗ ಮಾತ್ರ, ಅದೂ ಕೆಲವು ಗೇರ್‌ಗಳಲ್ಲಿ ಮಾತ್ರ ಜಾರಿದರೆ ಅದು ಹಲ್ಲಿನ ಸವೆತ. ಎಲ್ಲ ಗೇರ್‌ಗಳಲ್ಲೂ, ಪೆಡಲ್ ಎರಡು ಮೂರು ಸುತ್ತು ಹೋದಾಗಲೊಮ್ಮೆ ತಾಳ ಹಾಕಿದಂತೆ ಜಾರಿದರೆ ಒಂದು ಕೊಂಡಿ ಬಿಗಿಯಾಗಿ ಹಿಡಿದುಕೊಂಡಿರಬಹುದು. ಪೆಡಲನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸಿ, ಡಿರೈಲರಿನ ಪುಟ್ಟ ಗಾಲಿಗಳ ಮೂಲಕ ಚೈನ್ ಹಾದುಹೋಗುವುದನ್ನು ನೋಡುತ್ತಿರಿ. ಬಾಗದ ಕೊಂಡಿ ಅಲ್ಲಿ ಎದ್ದು ಕಾಣುತ್ತದೆ. ಎಣ್ಣೆ ಬಿಟ್ಟು ಆ ಜಾಗವನ್ನು ಎರಡೂ ಬದಿಗೆ ಮೆಲ್ಲಗೆ ಬಾಗಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ.

ಗೇರ್ ಬದಲಿಸಿದಾಗ ತಡವಾಗಿ ಬೀಳುವುದು, ಎರಡು ಗೇರ್‌ಗಳ ನಡುವೆ ಅತ್ತಿತ್ತ ಆಡುವುದು ಕೇಬಲ್ಲಿನ ಲಕ್ಷಣ. ಮೂಲೆಯಲ್ಲಿ ನಿಂತಿದ್ದ ಸೈಕಲ್ಲಿನಲ್ಲಿ ಕೇಬಲ್ ತನ್ನ ಹೊದಿಕೆಯೊಳಗೆ ತುಕ್ಕು ಹಿಡಿದಿರುವುದು ತೀರಾ ಸಾಮಾನ್ಯ. ಹೊಸ ಒಳಕೇಬಲ್ ಮತ್ತು ಹೊದಿಕೆ ಚೈನಿಗಿಂತ ಅಗ್ಗ. ಸೈಕಲ್ ಬಲಬದಿಗೆ ಬಿದ್ದು ಹ್ಯಾಂಗರ್ ಬಾಗಿದ್ದರೂ ಇದೇ ಲಕ್ಷಣ ಕಾಣುತ್ತದೆ. ಹಿಂದಿನಿಂದ ನೋಡಿದಾಗ ಡಿರೈಲರಿನ ಎರಡು ಗಾಲಿಗಳು ಹಲ್ಲುಚಕ್ರಗಳ ಕೆಳಗೆ ನೆಟ್ಟಗೆ ನಿಂತಿರಬೇಕು.

ಪೆಡಲನ್ನು ಮುಂದಕ್ಕೆ ತುಳಿದರೂ ಚೈನ್ ಮತ್ತು ಹಲ್ಲುಚಕ್ರಗಳು ಸುಮ್ಮನೆ ಸುತ್ತುತ್ತಾ ಚಕ್ರ ಮಾತ್ರ ತಿರುಗದಿದ್ದರೆ? ಅದು ಫ್ರೀವೀಲಿನ ಒಳಗಿನ ಕಚ್ಚುಗಳು ಒಣಗಿದ ಗ್ರೀಸಿನಲ್ಲಿ ಅಂಟಿಕೊಂಡ ತೊಂದರೆ. ಆಗ ಚೈನ್ ಬದಲಿಸಿ ಪ್ರಯೋಜನವಿಲ್ಲ.

ಫ್ರೀವೀಲೋ, ಕ್ಯಾಸೆಟ್ಟೋ?

ಹಿಂದಿನ ಹಲ್ಲುಚಕ್ರಗಳನ್ನು ಬದಲಿಸಬೇಕೆಂದರೆ ಮೊದಲು ಗೊತ್ತಾಗಬೇಕಾದದ್ದು ಇದು. ಆನ್‌ಲೈನಿನಲ್ಲಿ ತಪ್ಪು ಭಾಗ ತರಿಸಿ ವಾಪಸು ಕಳಿಸುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ ಎಂದು ನಮ್ಮ ಅನಿಸಿಕೆ.

ಅಗ್ಗದ ಮತ್ತು ಹಳೆಯ 6, 7 ಸ್ಪೀಡ್ ಸೈಕಲ್ಲುಗಳಲ್ಲಿ ಬಹುತೇಕ ಇರುವುದು ಫ್ರೀವೀಲ್. ಹಲ್ಲುಚಕ್ರಗಳೂ, ಟಿಕ್ ಟಿಕ್ ಎನ್ನುವ ಕಚ್ಚುಗಳೂ ಒಂದೇ ಗಟ್ಟಿಯಾಗಿದ್ದು, ಇಡೀ ಗಟ್ಟಿಯನ್ನು ಹಬ್ಬಿನ ಮೇಲೆ ಥ್ರೆಡ್ಡಿನಿಂದ ತಿರುಗಿಸಿ ಕೂರಿಸಿರುತ್ತಾರೆ. ಕ್ಯಾಸೆಟ್ಟಿನಲ್ಲಿ ಕಚ್ಚುಗಳು ಹಬ್ಬಿನಲ್ಲೇ ಇರುತ್ತವೆ. ಹಲ್ಲುಚಕ್ರಗಳನ್ನು ಗೆರೆಗಳಿರುವ ಉರುಳೆಯ ಮೇಲೆ ಜಾರಿಸಿ, ಹೊರಗಿನಿಂದ ಒಂದು ಬಿಗಿಯುಂಗುರದಿಂದ ಕಟ್ಟಿರುತ್ತಾರೆ.

ಗುರುತಿಸುವುದು ಸುಲಭ. ಹಿಂದಿನ ಚಕ್ರವನ್ನು ಬಿಚ್ಚಿ, ಸಣ್ಣ ಹಲ್ಲುಚಕ್ರದ ನಡುವೆ ಉಪಕರಣ ಕೂರುವ ಗೆರೆಗಳನ್ನು ನೋಡಿ. ಹಲ್ಲುಚಕ್ರಗಳನ್ನು ಹಿಂದಕ್ಕೆ ತಿರುಗಿಸಿದಾಗ ಆ ಗೆರೆಗಳಿರುವ ಭಾಗವೂ ಜೊತೆಗೆ ತಿರುಗಿದರೆ ಕ್ಯಾಸೆಟ್. ಅದು ನಿಂತಲ್ಲೇ ನಿಂತು ಹಲ್ಲುಚಕ್ರಗಳು ಮಾತ್ರ ತಿರುಗಿದರೆ ಫ್ರೀವೀಲ್. ಎರಡಕ್ಕೂ ಉಪಕರಣ ಬೇರೆ.

ಫ್ರೀವೀಲ್ ಬಿಚ್ಚುವುದು ಬಲದ ಕೆಲಸ. ನಾವು ತುಳಿದಷ್ಟೂ ಅದು ಹಬ್ಬಿಗೆ ಇನ್ನಷ್ಟು ಬಿಗಿಯಾಗುತ್ತಾ ಹೋಗಿರುತ್ತದೆ. ಬಿಚ್ಚುವ ಉಪಕರಣವನ್ನು ಗೆರೆಗಳಿಗೆ ಕೂರಿಸಿ, ಜಾರದಂತೆ ಆಕ್ಸೆಲ್ ನಟ್ಟಿನಿಂದ ಹಗುರವಾಗಿ ಹಿಡಿಸಿ, ಉಪಕರಣವನ್ನು ವೈಸಿಗೆ ಕಚ್ಚಿಸಿ, ಇಡೀ ಚಕ್ರವನ್ನೇ ಸ್ಟೀರಿಂಗಿನಂತೆ ಎಡಕ್ಕೆ ತಿರುಗಿಸಬೇಕು. ಒಮ್ಮೆ ಸಡಿಲವಾದ ಕೂಡಲೇ ಆ ನಟ್ ತೆಗೆದುಬಿಡಿ, ಇಲ್ಲದಿದ್ದರೆ ಆಕ್ಸೆಲ್ಲಿಗೆ ಪೆಟ್ಟು. ಮನೆಯಲ್ಲಿ ವೈಸ್ ಇಲ್ಲದಿದ್ದರೆ ಈ ಒಂದು ಕೆಲಸವನ್ನು ಅಂಗಡಿಗೆ ಬಿಡುವುದೇ ವಾಸಿ. ಸುತ್ತಿಗೆ, ಉಳಿ ಹಿಡಿದು ಹೊಡೆದು ಬಿಚ್ಚಬಹುದು ಎನ್ನುವ ವಿಡಿಯೋಗಳನ್ನು ನಂಬಿ ಹಬ್ ಹಾಳು ಮಾಡಿಕೊಳ್ಳಬೇಡಿ. ಹೊಸದನ್ನು ಹಾಕುವಾಗ ಥ್ರೆಡ್ಡಿಗೆ ಗ್ರೀಸ್ ಹಚ್ಚಿ, ಬರಿಗೈಯಲ್ಲೇ ಮೊದಲ ಕೆಲವು ಸುತ್ತು ತಿರುಗಿಸಿ. ಸೊಟ್ಟ ಕೂತರೆ ಅಲ್ಯುಮಿನಿಯಂ ಹಬ್ಬಿನ ಥ್ರೆಡ್ ಹರಿದುಹೋಗುತ್ತದೆ, ಆಮೇಲೆ ಚಕ್ರವನ್ನೇ ಬದಲಿಸಬೇಕು.

ನಮ್ಮ ಗೆಳೆಯರ ಸೈಕಲ್ಲಿನಲ್ಲಿದ್ದುದು 14ರಿಂದ 28 ಹಲ್ಲಿನ 7 ಸ್ಪೀಡ್ ಫ್ರೀವೀಲ್. ಹೊಸ ಚೈನನ್ನು ಹಾಗೆಯೇ ಇಟ್ಟುಕೊಂಡು ಫ್ರೀವೀಲ್ ಬದಲಿಸಿದ ಮೇಲೆ ಜಾರುವುದು ನಿಂತಿತು. ಹಳೆಯ ಚೈನನ್ನು ಅಳೆದು ನೋಡಿದೆವು, 258 ಬಂತು. ವರ್ಷಗಳ ಹಿಂದೆಯೇ ಒಂದು ಚೈನ್ ಬದಲಿಸಿದ್ದರೆ ಈ ಫ್ರೀವೀಲಿನ ಖರ್ಚೂ ಇಲ್ಲ, ಮಂಡಿಯ ಗಾಯವೂ ಇಲ್ಲ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡಂತಾಯಿತು ಎಂದು ಅವರೇ ನಕ್ಕರು.

ಮುಂದಿನ ಹಲ್ಲುಚಕ್ರಗಳು ಮತ್ತು ಬಿಬಿ

ಮುಂದಿನವು ದೊಡ್ಡವು, ಹಲ್ಲು ಹೆಚ್ಚು, ಹಾಗಾಗಿ ನಿಧಾನವಾಗಿ ಸವೆಯುತ್ತವೆ. ಹಿಂದಿನದನ್ನು ಬದಲಿಸಿದಾಗಲೆಲ್ಲ ಮುಂದಿನದನ್ನೂ ಬದಲಿಸಬೇಕೆಂದೇನೂ ಇಲ್ಲ. ಆದರೆ ಏರು ಹತ್ತಲು ಬಳಸುವ ಸಣ್ಣ ಚಕ್ರದ ಹಲ್ಲು ಕೊಕ್ಕೆಯಾದರೆ ಚೈನನ್ನು ಬಿಡದೆ ಹಿಡಿದು ಮೇಲಕ್ಕೆಳೆದು ಫ್ರೇಮಿಗೂ ಹಲ್ಲುಚಕ್ರಕ್ಕೂ ನಡುವೆ ಸಿಕ್ಕಿಸಿಬಿಡುತ್ತದೆ. ಕೆಸರಿನ ಏರಿನಲ್ಲಿ ಹೀಗಾದರೆ ಪೆಡಲ್ ಒಮ್ಮೆಲೇ ನಿಂತುಹೋಗುತ್ತದೆ.

ಅಗ್ಗದ ಹಳೆಯ ಸೈಕಲ್ಲುಗಳಲ್ಲಿ ಮೂರೂ ಚಕ್ರಗಳನ್ನು ಕ್ರ್ಯಾಂಕಿಗೆ ರಿವೆಟ್ ಹೊಡೆದಿರುತ್ತಾರೆ, ಒಂದನ್ನೇ ಬದಲಿಸಲು ಆಗದು, ಕ್ರ್ಯಾಂಕ್ ಸೆಟ್ಟನ್ನೇ ಬದಲಿಸಬೇಕು. ಬೋಲ್ಟ್ ಇದ್ದರೆ ಬೇಕಾದ ಒಂದನ್ನು ಮಾತ್ರ ಬದಲಿಸಬಹುದು.

ಕ್ರ್ಯಾಂಕ್ ತೋಳನ್ನು ಹಿಡಿದು ಫ್ರೇಮಿನ ಕಡೆಗೆ ಅತ್ತಿತ್ತ ಅಲ್ಲಾಡಿಸಿ. ಎರಡೂ ತೋಳುಗಳು ಆಡಿದರೆ ಬಿಬಿಯ, ಅಂದರೆ ನಡುವಿನ ಅಚ್ಚಿನ, ಬೇರಿಂಗ್ ಸವೆದಿದೆ. ಒಂದೇ ತೋಳು ಆಡಿದರೆ ಅದರ ಬೋಲ್ಟ್ ಸಡಿಲ. ಸಡಿಲ ತೋಳಿನಲ್ಲಿ ಹಾಗೆಯೇ ಓಡಿಸಿದರೆ ಚೌಕ ಅಚ್ಚು ಅಲ್ಯುಮಿನಿಯಂ ತೋಳಿನ ತೂತನ್ನು ತಿಂದು ದುಂಡಗೆ ಮಾಡುತ್ತದೆ, ಆಮೇಲೆ ಎಷ್ಟು ಬಿಗಿ ಮಾಡಿದರೂ ನಿಲ್ಲುವುದಿಲ್ಲ. ಹೊಸ ಬಿಬಿ ತರುವಾಗ ಹಳೆಯದರ ಅಳತೆ ಬೇಕು: ಫ್ರೇಮಿನ ಕೊಳವೆಯ ಅಗಲ 68 ಅಥವಾ 73 ಮಿ.ಮೀ., ಜೊತೆಗೆ ಅಚ್ಚಿನ ಉದ್ದ. ಇನ್ನೊಂದು ಎಚ್ಚರ: ಮೌಂಟನ್ ಬೈಕುಗಳಲ್ಲಿ ಸಾಮಾನ್ಯವಾಗಿರುವ ಇಂಗ್ಲಿಷ್ ಥ್ರೆಡ್ಡಿನ ಬಿಬಿಯಲ್ಲಿ ಚೈನ್ ಬದಿಯದು ಉಲ್ಟಾ ಥ್ರೆಡ್, ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಎಡ ಪೆಡಲ್ಲೂ ಹಾಗೆಯೇ. ಇದು ಗೊತ್ತಿಲ್ಲದೆ ಪೈಪು ಸಿಕ್ಕಿಸಿ ತಿರುಗಿಸಿ ಇನ್ನಷ್ಟು ಬಿಗಿ ಮಾಡಿಕೊಂಡವರು ಕಡಿಮೆಯೇನಲ್ಲ.

26 ಇಂಚಿಗೆ ಭಾಗ ಸಿಗುವುದಿಲ್ಲವೇ?

ಇದು ಸುಳ್ಳು. ಚಕ್ರದ ಅಳತೆಗೂ ಚೈನಿಗೂ ಸಂಬಂಧವೇ ಇಲ್ಲ. ಚೈನ್, ಫ್ರೀವೀಲ್, ಕ್ಯಾಸೆಟ್ ಹೊಂದಬೇಕಾದದ್ದು ಗೇರ್‌ಗಳ ಸಂಖ್ಯೆಗೆ. ಹೊಸ ಮೌಂಟನ್ ಬೈಕುಗಳಲ್ಲಿ 27.5 ಮತ್ತು 29 ಇಂಚಿನ ಚಕ್ರಗಳು ಬಂದದ್ದು ನಿಜ. 2012ರಲ್ಲಿ ಸ್ರ್ಯಾಮ್ ಕಂಪನಿ ಮುಂದೆ ಒಂದೇ ಹಲ್ಲುಚಕ್ರ, ಹಿಂದೆ 11 ಇರುವ ವ್ಯವಸ್ಥೆ ತಂದ ಮೇಲೆ ಮುಂದಿನ ಮೂರು ಚಕ್ರಗಳ ಕಾಲವೂ ದುಬಾರಿ ಸೈಕಲ್ಲುಗಳಲ್ಲಿ ಮುಗಿಯುತ್ತಾ ಬಂತು. ಆದರೆ 7 ಮತ್ತು 8 ಸ್ಪೀಡಿನ ಭಾಗಗಳು ಅಗ್ಗದ ಗೇರ್ ಸೈಕಲ್ಲುಗಳಿಗಾಗಿ ಇಂದಿಗೂ ತಯಾರಾಗುತ್ತಿವೆ. 6, 7, 8 ಸ್ಪೀಡಿಗೆ ಒಂದೇ ಅಗಲದ ಚೈನ್ ನಡೆಯುತ್ತದೆ, ಬೆಲೆ ಕೆಲವು ನೂರು ರೂಪಾಯಿ. ನಿಜವಾಗಿ ದುಬಾರಿಯಾಗಿರುವುದು ಹೊಸ 12 ಸ್ಪೀಡಿನ ಭಾಗಗಳೇ.

ಹೊಂದಾಣಿಕೆಯಲ್ಲಿ ಕೆಲವು ಮಿತಿಗಳಿವೆ. 8 ಅಥವಾ 9 ಸ್ಪೀಡಿನ ಶಿಮಾನೋ ಹಬ್ಬಿಗೆ 7 ಸ್ಪೀಡ್ ಕ್ಯಾಸೆಟ್ ಹಾಕಬಹುದು, ಹಿಂದೆ 4.5 ಮಿ.ಮೀ. ಸ್ಪೇಸರ್ ಬೇಕು. 7 ಸ್ಪೀಡಿನ ಗಿಡ್ಡ ಹಬ್ಬಿಗೆ 8 ಸ್ಪೀಡ್ ಕೂರುವುದಿಲ್ಲ. ಶಿಮಾನೋದ ಮೌಂಟನ್ ಬೈಕ್ ಡಿರೈಲರ್ ಹಾಳಾದರೆ 7, 8, 9 ಸ್ಪೀಡಿನವು ಒಂದಕ್ಕೊಂದು ನಡೆಯುತ್ತವೆ. 10 ಸ್ಪೀಡಿನದು ಕೇಬಲ್ ಎಳೆಯುವ ಲೆಕ್ಕವೇ ಬೇರೆ, ಅದನ್ನು ಹಾಕಬೇಡಿ. ಹ್ಯಾಂಡಲ್ಲಿನ ಗೇರ್ ಶಿಫ್ಟರ್ ಮಾತ್ರ ಹಿಂದಿನ ಹಲ್ಲುಚಕ್ರಗಳ ಸಂಖ್ಯೆಗೆ ಸರಿಯಾಗಿಯೇ ಇರಬೇಕು.

ಹಾಗಿದ್ದರೂ ಫ್ರೇಮ್ ಬಿರುಕು ಬಿಟ್ಟಿದ್ದು, ಕ್ರ್ಯಾಂಕ್, ಬಿಬಿ, ಫ್ರೀವೀಲ್, ಚೈನ್ ಎಲ್ಲವೂ ಹೋಗಿದ್ದರೆ ಮೂಗಿಗಿಂತ ಮೂಗುತಿ ಭಾರ. ಆಗ ಬೇರೆ ಸೈಕಲ್ ನೋಡುವುದು ಸರಿ.

ಚೈನ್ ಜೋಡಿಸುವಾಗ ಜೋಪಾನ

ಹೊಸ ಚೈನ್ ಬೇಕಾದದ್ದಕ್ಕಿಂತ ಉದ್ದವಾಗಿಯೇ ಬರಬಹುದು. ಹಳೆಯದರ ಪಕ್ಕದಲ್ಲಿಟ್ಟು ಉದ್ದ ನೋಡಿ ಕತ್ತರಿಸಬೇಡಿ, ಹಳೆಯದು ಬೆಳೆದಿರುತ್ತದೆ. ಕೊಂಡಿಗಳನ್ನು ಎಣಿಸಿ. ಹಳೆಯದು ಸರಿಯಿತ್ತೇ ಎಂಬ ಅನುಮಾನವಿದ್ದರೆ ಹೊಸ ಚೈನನ್ನು ಮುಂದಿನ ದೊಡ್ಡ, ಹಿಂದಿನ ದೊಡ್ಡ ಹಲ್ಲುಚಕ್ರಗಳ ಮೇಲೆ ಡಿರೈಲರಿಗೆ ಪೋಣಿಸದೆ ಸುತ್ತಿ, ತುದಿಗಳು ಸೇರುವಲ್ಲಿಂದ ಒಂದು ಇಂಚು, ಅಂದರೆ ಎರಡು ಕೊಂಡಿ, ಹೆಚ್ಚಿಗೆ ಬಿಡಿ.

ಒಮ್ಮೆ ಪೂರ್ತಿ ಹೊರತಳ್ಳಿದ ಪಿನ್ನನ್ನು ಮತ್ತೆ ಬಡಿದು ಕೂರಿಸುವುದು ನಮ್ಮ ಕಡೆ ತೀರಾ ರೂಢಿ. ಕಪ್ಪು ಸೈಕಲ್ಲಿನಲ್ಲಿ ನಡೆಯುತ್ತಿತ್ತು. ತೆಳ್ಳಗಿನ ಗೇರ್ ಚೈನಿನಲ್ಲಿ ಆ ಪಿನ್ನಿನ ಹಿಡಿತ ಸಡಿಲವಾಗಿ, ಗೇರ್ ಬದಲಿಸುವಾಗ ಚೈನ್ ಬಿಚ್ಚಿಕೊಳ್ಳಬಹುದು. ಕೈಯಲ್ಲೇ ಹಾಕುವ ಜೋಡಣೆ ಕೊಂಡಿಯನ್ನೋ, ಚೈನಿನ ಜೊತೆ ಬರುವ ಹೊಸ ಪಿನ್ನನ್ನೋ ಬಳಸಿ. ಕೊಂಡಿ ನಿಮ್ಮ ಸ್ಪೀಡಿನದೇ ಆಗಿರಲಿ.

ಜೋಡಿಸಿದ ಮೇಲೆ ರಸ್ತೆಗಿಳಿಯುವ ಮೊದಲು ಚಕ್ರವೆತ್ತಿ ಹಿಂದಿನ ಅತಿ ದೊಡ್ಡ ಹಲ್ಲುಚಕ್ರಕ್ಕೆ ಗೇರ್ ಹಾಕಿ ನೋಡಿ. ಚೈನ್ ಅದನ್ನೂ ದಾಟಿ ಕಡ್ಡಿಗಳ ಕಡೆಗೆ ಬೀಳುವಂತಿದ್ದರೆ ಡಿರೈಲರಿನ 'ಎಲ್' ಗುರುತಿನ ಸ್ಕ್ರೂವನ್ನು ಸ್ವಲ್ಪ ಬಿಗಿ ಮಾಡಿ. ಇದನ್ನು ಬಿಟ್ಟರೆ ಡಿರೈಲರ್ ಕಡ್ಡಿಗಳಿಗೆ ಸಿಕ್ಕಿ ಚಕ್ರವೇ ಲಾಕ್ ಆಗಬಹುದು. ಆಮೇಲೆ ವಾಹನಗಳಿಲ್ಲದ ಜಾಗದಲ್ಲಿ, ಸೀಟಿನ ಮೇಲೆ ಕೂತೇ, ಒಂದೊಂದೇ ಗೇರಿನಲ್ಲಿ ಬಲವಾಗಿ ತುಳಿದು ಪರೀಕ್ಷಿಸಿ.

ಕೊಬ್ಬರಿ ಎಣ್ಣೆ, ಸೀಮೆಎಣ್ಣೆ, ಡಬ್ಲ್ಯುಡಿ-40

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಮಡಿಕೇರಿಯ ಚಳಿ ಬೆಳಗಿನಲ್ಲಿ ಬಾಟಲಿಯಲ್ಲಿ ಆಗುವುದೇ ಚೈನಿನೊಳಗೂ ಆಗುತ್ತದೆ. ಬಿಸಿಲಿನಲ್ಲಿ ಕರಗಿ ಧೂಳು ಹಿಡಿಯುತ್ತದೆ. ಬೈಕಿನ ಎಂಜಿನ್ನಿನಿಂದ ತೆಗೆದ ಹಳೆಯ ಆಯಿಲ್ ಇನ್ನೂ ಕೆಟ್ಟದ್ದು, ಅದರಲ್ಲಿ ಲೋಹದ ಪುಡಿಯೂ ಮಸಿಯೂ ಬೆರೆತಿರುತ್ತವೆ. ಡಬ್ಲ್ಯುಡಿ-40 ಎಂಬ ಹೆಸರೇ ನೀರನ್ನು ಹೊರದೂಡುವ 40ನೆಯ ಪ್ರಯತ್ನದ ಮಿಶ್ರಣ ಎಂಬುದರ ಗುರುತು. ತುಕ್ಕು ಬಿಡಿಸಲು, ಕೊಳೆ ತೆಗೆಯಲು ಒಳ್ಳೆಯದು. ಆದರೆ ಬಹಳ ತೆಳು, ಅದೊಂದನ್ನೇ ನೆಚ್ಚಿದರೆ ಚೈನ್ ಬೇಗ ಒಣಗುತ್ತದೆ. ಸೀಮೆಎಣ್ಣೆಯಲ್ಲಿ ತೊಳೆಯಬಹುದು, ಬೆಂಕಿಯಿಂದ ದೂರ, ಗಾಳಿಯಾಡುವ ಕಡೆ, ಹಬ್ಬಿಗೂ ಬ್ರೇಕಿಗೂ ತಾಗದಂತೆ. ಪೆಟ್ರೋಲ್ ಮಾತ್ರ ಬೇಡವೇ ಬೇಡ. ತೊಳೆದ ಮೇಲೆ ಪೂರ್ತಿ ಒಣಗಿಸಿ ಎಣ್ಣೆ ಹಾಕದಿದ್ದರೆ ತೊಳೆಯದಿದ್ದುದೇ ವಾಸಿಯಾಗಿತ್ತು.

ಸೈಕಲ್ ಚೈನಿಗೆಂದೇ ಸಿಗುವ ಎಣ್ಣೆಯನ್ನು ಪ್ರತಿ ರೋಲರಿನ ಮೇಲೆ ಒಂದೊಂದೇ ಹನಿ ಬಿಡಿ. ಪೆಡಲನ್ನು ಹಿಂದಕ್ಕೆ ಹತ್ತಾರು ಸುತ್ತು ತಿರುಗಿಸಿ. ಸ್ವಲ್ಪ ಹೊತ್ತು ಬಿಟ್ಟು ಹಳೆಯ ಬಟ್ಟೆಯಿಂದ ಹೊರಗಿನ ಎಣ್ಣೆಯನ್ನೆಲ್ಲ ಒರೆಸಿಬಿಡಿ. ಎಣ್ಣೆ ಬೇಕಿರುವುದು ಪಿನ್ನಿನ ಬಳಿ, ಹೊರಗೆ ಮಿರಮಿರ ಮಿಂಚುವ ಎಣ್ಣೆ ಮಣ್ಣನ್ನು ಕರೆದು ಕೂರಿಸಿಕೊಳ್ಳುತ್ತದೆ. ಹಾಗೆ ಒರೆಸಿದ ದಿನವೇ ಸ್ಕೇಲ್ ಹಿಡಿದು 20 ಕೊಂಡಿ ಅಳೆದು, ತಾರೀಖಿನ ಜೊತೆ ಫೋನಿನಲ್ಲಿ ಬರೆದಿಡಿ. ನಮ್ಮ ಗೆಳೆಯರ ಹೊಸ ಚೈನಿನದು ಸದ್ಯಕ್ಕೆ 254ರಲ್ಲೇ ಇದೆ.